ಹಾಡು ಮುಗಿದ ಮೇಲೆ ಹೆಸರು ಹೇಳಿದಾಕೆ

ಮೊಬೈಲಿನಲ್ಲಿ ಒಂದು ಹಾಡು ಹಚ್ಚಿ ನೋಡಿ. ದನಿ ಕಿವಿಗೆ ಬೀಳುವ ಮೊದಲೇ ಪರದೆಯ ಮೇಲೆ ಒಂದು ಚೌಕದ ಚಿತ್ರ ಬರುತ್ತದೆ. ಅದರ ಕೆಳಗೆ ಹಾಡಿನ ಹೆಸರು, ಅದರ ಕೆಳಗೆ ಹಾಡಿದವರ ಹೆಸರು. ಅದನ್ನು ನಾವ್ಯಾರೂ ಗಮನವಿಟ್ಟು ನೋಡುವುದಿಲ್ಲ. ಆದರೆ ಈ ಚೌಕ, ಈ ಎರಡು ಸಾಲು ತಾವಾಗಿಯೇ ಹುಟ್ಟಿದವಲ್ಲ. ಹಾಡಿದ ದನಿಗೂ ಹಾಡಿದವರ ಹೆಸರಿಗೂ ಗಂಟು ಹಾಕುವ ಕೆಲಸ ನೂರಿಪ್ಪತ್ತು ವರ್ಷಗಳಿಂದ ನಡೆದಿದೆ. ನಮ್ಮ ದೇಶದಲ್ಲಿ ಆ ಗಂಟು ಬಿದ್ದ ಮೊದಲ ದಿನಗಳಲ್ಲೇ ಇದ್ದವರು ಗೌಹರ್ ಜಾನ್. ಅವರ ಬದುಕಿನ ಕತೆ ಓದಿದ ಮೇಲೆ, ಕೆಲಸ ಹುಡುಕುವ ವಯಸ್ಸಿನ ನಾವೆಲ್ಲ ಒಮ್ಮೆ ತಿಳಿದುಕೊಳ್ಳಬೇಕಾದದ್ದು ಇದು ಅನಿಸಿತು.

ನಾನು ಇಂಡಿ ತಾಲ್ಲೂಕಿನ ಭೀಮಾ ತೀರದ ಅಗರಖೇಡದವನು. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಓದುತ್ತಿದ್ದೇನೆ. ಧ್ವನಿಮುದ್ರಣದ ಇತಿಹಾಸದ ಮೇಲೆ ತರಗತಿಯಲ್ಲಿ ಸೆಮಿನಾರ್ ಕೊಡಬೇಕಿತ್ತು. ಹುಡುಕುತ್ತ ಹೋದಾಗ ಈ ಹೆಸರು ಸಿಕ್ಕಿತು. ನಮ್ಮ ವಿಜಯಪುರ ಭಾಗದ ಹಿರಿಯರಿಗೆ ಗೋಹರಬಾಯಿ ಎಂದರೆ ನೆನಪಾಗುವವರು ಬೇರೆ. ಅವರು ಬೀಳಗಿಯಲ್ಲಿ ಹುಟ್ಟಿ ಮುಂಬೈ ಚಿತ್ರರಂಗದಲ್ಲಿ ಹೆಸರಾದ ಅಮೀರ್‌ಬಾಯಿ ಕರ್ನಾಟಕಿ ಅವರ ಸಹೋದರಿ. ಈ ಗೌಹರ್ ಜಾನ್ ಅವರಿಗಿಂತ ಹಿಂದಿನವರು, ಉತ್ತರ ಭಾರತದವರು. ಆದರೆ ಇವರ ಬದುಕಿನ ಕೊನೆಯ ಪುಟ ಮಾತ್ರ ನಮ್ಮ ಮೈಸೂರಿನದು.

ಏಂಜಲಿನಾ ಗೌಹರ್ ಆದದ್ದು

1873ರ ಜೂನ್ 26ರಂದು ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹೆಸರು ಐಲೀನ್ ಏಂಜಲಿನಾ ಯೋವರ್ಡ್. ತಂದೆ ವಿಲಿಯಂ ರಾಬರ್ಟ್ ಯೋವರ್ಡ್ ಅರ್ಮೇನಿಯನ್ ಮೂಲದವರು, ಎಂಜಿನಿಯರ್. ತಾಯಿ ವಿಕ್ಟೋರಿಯಾಗೆ ಹಾಡು, ಕುಣಿತ, ಕವಿತೆ ಮೂರೂ ಒಲಿದಿದ್ದವು. ಮಗಳಿಗೆ ಆರು ವರ್ಷವಾಗುವ ಹೊತ್ತಿಗೆ ಗಂಡ ಹೆಂಡತಿ ಬೇರೆಯಾದರು. ತಾಯಿ ಮಗಳು 1881ರಲ್ಲಿ ಬನಾರಸ್‌ಗೆ ಬಂದರು. ಅಲ್ಲಿ ಇಬ್ಬರೂ ಇಸ್ಲಾಂ ಧರ್ಮ ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಏಂಜಲಿನಾ ಗೌಹರ್ ಜಾನ್ ಆದರು. ಆ ಕಾಲದಲ್ಲಿ ಮಲ್ಕಾ ಜಾನ್ ಎಂಬ ಹೆಸರಿನ ಗಾಯಕಿಯರು ಹಲವರಿದ್ದರು. ಇವರು ವಯಸ್ಸಿನಲ್ಲಿ ಹಿರಿಯರಾದ್ದರಿಂದ ಬಡೀ ಮಲ್ಕಾ ಜಾನ್ ಎಂದು ಕರೆಸಿಕೊಂಡರು.

ಎರಡು ವರ್ಷದ ನಂತರ ಇಬ್ಬರೂ ಕಲ್ಕತ್ತೆ ಸೇರಿದರು. ಅವಧ್ ರಾಜ್ಯ ಕಳೆದುಕೊಂಡು ಅಲ್ಲಿಗೆ ಬಂದಿದ್ದ ನವಾಬ ವಾಜಿದ್ ಅಲಿ ಷಾ ಕಟ್ಟಿಕೊಂಡಿದ್ದ ಮಟಿಯಾಬುರ್ಜ್ ಆಗ ಸಂಗೀತಗಾರರ ಊರೇ ಆಗಿತ್ತು. ಗೌಹರ್ ಅಲ್ಲಿ ದೊಡ್ಡ ದೊಡ್ಡ ಗುರುಗಳ ಬಳಿ ಖಯಾಲ್, ಠುಮ್ರಿ ಕಲಿತರು. ಬಿಂದಾದೀನ್ ಮಹಾರಾಜರಲ್ಲಿ ಕಥಕ್ ಕಲಿತರು. ಬಂಗಾಳಿ ಕೀರ್ತನೆಯನ್ನೂ ಬಿಡಲಿಲ್ಲ. 1887ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ದರ್ಭಂಗಾ ಮಹಾರಾಜರ ಆಸ್ಥಾನದಲ್ಲಿ ಮೊದಲ ಸಾರ್ವಜನಿಕ ಕಾರ್ಯಕ್ರಮ ನಡೆಯಿತು. ಅಲ್ಲಿಂದ ಮುಂದೆ ಕಲ್ಕತ್ತೆಯ ಜಮೀನ್ದಾರರ ಮನೆಗಳಲ್ಲಿ ಅವರ ಹಾಡಿಲ್ಲದೆ ಹಬ್ಬವಿಲ್ಲ ಎಂಬಂತಾಯಿತು. ನಾಲ್ಕು ಕುದುರೆಯ ಗಾಡಿಯಲ್ಲಿ ಓಡಾಡಿ ಸರ್ಕಾರಕ್ಕೆ ದಂಡ ಕಟ್ಟಿದರು ಎಂಬಂಥ ಕತೆಗಳು ಇಂದಿಗೂ ಚಾಲ್ತಿಯಲ್ಲಿವೆ.

ಮೂರು ನಿಮಿಷದ ಡಬ್ಬಿ

1902ರ ಕೊನೆಯಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞನನ್ನು ಕಲ್ಕತ್ತೆಗೆ ಕಳುಹಿಸಿತು. ಆತನೂ 1873ರಲ್ಲಿ ಹುಟ್ಟಿದವನೇ. ಅಂದರೆ ಹಾಡುವವರಿಗೂ ಮುದ್ರಿಸುವವನಿಗೂ ಆಗ ಇಪ್ಪತ್ತೊಂಬತ್ತು ವರ್ಷ. ಹೋಟೆಲಿನ ಕೋಣೆಯೊಂದೇ ಸ್ಟುಡಿಯೊ. ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ವಿದ್ಯುತ್ ಬಳಸಿ ಧ್ವನಿಮುದ್ರಣ ಮಾಡುವ ವಿಧಾನ ಬಂದದ್ದೇ 1925ರಲ್ಲಿ. ಗೋಡೆಯಿಂದ ಹೊರಬಂದ ದೊಡ್ಡ ತುತ್ತೂರಿಯಂಥ ಕೊಳವೆಯೊಳಕ್ಕೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಗಾಳಿಯ ಒತ್ತಡಕ್ಕೆ ತೆಳು ಪೊರೆಯೊಂದು ಅದುರುತ್ತದೆ, ಅದಕ್ಕೆ ಕಟ್ಟಿದ ಸೂಜಿ ತಿರುಗುವ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತದೆ. ಹಾಡಿನ ಶಕ್ತಿಯೇ ಹಾಡನ್ನು ಬರೆಯುತ್ತಿತ್ತು! ಸಿಗ್ನಲ್ ಟು ನಾಯ್ಸ್ ರೇಷಿಯೋ ಎಂದು ನಾವು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನು ಅವರು ಗಂಟಲಿನಲ್ಲಿ ಸಾಧಿಸಬೇಕಿತ್ತು.

ಸಮಯದ ಕಟ್ಟು ಇನ್ನೂ ಬಿಗಿ. ಹತ್ತು ಇಂಚಿನ ತಟ್ಟೆಯಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷ. ನಮ್ಮ ಸಂಗೀತವೋ, ಆಲಾಪಕ್ಕೇ ಅರ್ಧ ಗಂಟೆ ಬೇಡುವಂಥದ್ದು. ಹಲವು ದೊಡ್ಡ ಉಸ್ತಾದರು ಈ ಯಂತ್ರದ ಹತ್ತಿರ ಸುಳಿಯಲೂ ಒಪ್ಪಲಿಲ್ಲ. ಗೌಹರ್ ಜಾನ್ ಮಾತ್ರ ಇದನ್ನೊಂದು ಸವಾಲು ಎಂದುಕೊಂಡರು. ರಾಗದ ಮುಖ ತೋರಿಸುವುದು ಎಷ್ಟು ಸೆಕೆಂಡು, ಬಂದಿಶ್ ಎಷ್ಟು, ತಾನ್ ಎಷ್ಟು, ಎಲ್ಲಿ ಮುಗಿಸಬೇಕು ಎಂದು ಅಳೆದು ಮೂರು ನಿಮಿಷದಲ್ಲಿ ಒಂದು ಪೂರ್ತಿ ಹಾಡು ಕಟ್ಟಿದರು. ತಟ್ಟೆಯ ಹೊರಗಿನ ಪ್ಯಾಕಿಂಗ್ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಮೊದಲು ಬೆರಗು ಹುಟ್ಟಿಸಿದ್ದು ಈ ಒಳಗಿನ ಪ್ಯಾಕಿಂಗ್. ಒಂದು ಮಿತಿಯನ್ನು ದೂರುತ್ತ ಕೂರದೆ, ಅದನ್ನೇ ಅಳತೆಗೋಲು ಮಾಡಿಕೊಂಡವರು ಅವರು.

ಭಾರತದ ಮೊದಲ ತಟ್ಟೆ ಗೌಹರ್ ಜಾನ್ ಅವರದೇ ಎಂದು ಹಲವು ಕಡೆ ಬರೆಯುತ್ತಾರೆ. ಅದೇ ನವೆಂಬರಿನಲ್ಲಿ ಅವರಿಗಿಂತ ಕೆಲ ದಿನ ಮೊದಲು ಶಶಿಮುಖಿ, ಫಣಿಬಾಲಾ ಎಂಬ ರಂಗಭೂಮಿಯ ಇಬ್ಬರು ಎಳೆಯ ಹುಡುಗಿಯರು ಅದೇ ಕೊಳವೆಯ ಮುಂದೆ ಹಾಡಿದ್ದರು. ಆದರೆ ತಟ್ಟೆಯ ಲೋಕದ ಮೊದಲ ತಾರೆ ಯಾರು ಎಂದರೆ ಅನುಮಾನವೇ ಇಲ್ಲ, ಗೌಹರ್ ಜಾನ್. ಮುದ್ರಣಕ್ಕೆ ಬಂದಾಗಲೆಲ್ಲ ಹೊಸ ಉಡುಪು, ಹೊಸ ಒಡವೆ ಧರಿಸಿ ಬರುತ್ತಿದ್ದರು ಎಂದು ಗೈಸ್‌ಬರ್ಗ್ ಮುಂದೆ ನೆನಪಿಸಿಕೊಂಡಿದ್ದಾನೆ. ಕೇಳುವವರಿಗೆ ಉಡುಪು ಕಾಣುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೆಲಸಕ್ಕೆ ಅವರು ಕೊಡುತ್ತಿದ್ದ ಮರ್ಯಾದೆ ಅದು ಎಂದು ನಾನು ತಿಳಿಯುತ್ತೇನೆ.

ಹೆಸರು ಹೇಳಿದ್ದು ಯಾಕೆ?

ಗೌಹರ್ ಜಾನ್ ಅವರ ಹಳೆಯ ತಟ್ಟೆಗಳನ್ನು ಇಂದು ಅಂತರ್ಜಾಲದಲ್ಲಿ ಕೇಳಬಹುದು. ಹಾಡು ಮುಗಿದ ಕೂಡಲೇ ಚುರುಕು ದನಿಯಲ್ಲಿ, ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಬಿಡುತ್ತಾರೆ. ಮೊದಲ ಸಲ ಕೇಳಿದವರಿಗೆ ಇದು ಜಂಬದಂತೆ ಕಾಣಬಹುದು. ಅಸಲು ಕಾರಣ ಕಾರ್ಖಾನೆಯದು.

ಆಗ ಭಾರತದಲ್ಲಿ ತಟ್ಟೆ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಬಿಲ್ಲೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು. ಗೈಸ್‌ಬರ್ಗ್ ಆ ಒಂದು ಪ್ರವಾಸದಲ್ಲೇ 500ಕ್ಕೂ ಹೆಚ್ಚು ಮುದ್ರಣ ಮಾಡಿದ್ದ. ಹ್ಯಾನೋವರ್‌ನಲ್ಲಿ ಅವಕ್ಕೆ ಎಲೆಕ್ಟ್ರೋಪ್ಲೇಟಿಂಗ್ ಮಾಡಿ ಲೋಹದ ಅಚ್ಚು ತೆಗೆದು, ಅರಗು, ಕಲ್ಲಿನ ಪುಡಿ, ಮಸಿ ಬೆರೆಸಿದ ಬಿಸಿ ಮುದ್ದೆಯ ಮೇಲೆ ಒತ್ತುತ್ತಿದ್ದರು. ಆ ಅರಗಿನ ದೊಡ್ಡ ತವರು ನಮ್ಮ ದೇಶವೇ. ಅರಗು ಇಲ್ಲಿಂದ ಹೋಗಿ, ದನಿಯೂ ಇಲ್ಲಿಂದ ಹೋಗಿ, ಎರಡೂ ಅಲ್ಲಿ ಸೇರಿ ತಟ್ಟೆಯಾಗಿ ಮರಳುತ್ತಿದ್ದವು! ನಮ್ಮ ಹಿರಿಯರು ಪ್ಲೇಟು ಎನ್ನುತ್ತಿದ್ದುದು ಇದನ್ನೇ. ಈಗ ಯೋಚಿಸಿ. ಹಿಂದೂಸ್ತಾನಿಯೂ ಗೊತ್ತಿಲ್ಲದ, ಬಂಗಾಳಿಯೂ ಗೊತ್ತಿಲ್ಲದ ಜರ್ಮನ್ ಕೆಲಸಗಾರನ ಮುಂದೆ ನೂರಾರು ಬಿಲ್ಲೆಗಳಿವೆ. ಯಾವುದು ಯಾರದು? ಬಿಲ್ಲೆಯ ಮೇಲೆ ಕೊರೆದ ಸಂಖ್ಯೆ ಇರುತ್ತದೆ, ಜೊತೆಗೆ ಪಟ್ಟಿ ಇರುತ್ತದೆ. ಆದರೂ ಎಡವಟ್ಟಾಗದಿರಲಿ ಎಂದು ಹಾಡಿದವರೇ ಕೊನೆಯಲ್ಲಿ ಹೆಸರು ಹೇಳುವ ಪದ್ಧತಿ ಮಾಡಿದರು. ಅದನ್ನು ಕೇಳಿ ಸರಿಯಾದ ಲೇಬಲ್ ಅಂಟಿಸುತ್ತಿದ್ದರು. ಇಂದು ನಾವು ಮೆಟಾಡೇಟಾ ಎನ್ನುತ್ತೇವಲ್ಲ, ಅದನ್ನು ಆಗ ಬಾಯಿಂದಲೇ ಹೇಳಬೇಕಿತ್ತು. ದನಿಯೊಳಗೇ ಹೆಸರಿಟ್ಟರೆ ಲೇಬಲ್ ಹರಿದರೂ ಹೆಸರು ಅಳಿಯುವುದಿಲ್ಲ.

ಎಮಿಲ್ ಬರ್ಲಿನರ್ 1887ರಲ್ಲಿ ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಪೇಟೆಂಟ್ ಪಡೆದ ಮೇಲಿನ ಮೊದಲ ವರ್ಷಗಳಲ್ಲಿ ಕಾಗದದ ಲೇಬಲ್ಲೇ ಇರಲಿಲ್ಲ. ಹಾಡಿನ ಹೆಸರನ್ನು ತಟ್ಟೆಯ ನಡುವೆ ಕೊರೆಯುತ್ತಿದ್ದರು. ಅದನ್ನು ಬೆಳಕಿಗೆ ವಾಲಿಸಿ ಹಿಡಿದು ಓದಬೇಕಿತ್ತು. 1900ರ ಹೊತ್ತಿಗೆ ದುಂಡನೆಯ ಕಾಗದದ ಲೇಬಲ್ ಬಂತು. ಗ್ರಾಮಫೋನ್ ಕಂಪನಿಯ ಮೊದಲ ಗುರುತು ತಟ್ಟೆಯ ಮೇಲೆ ಗರಿಯಿಂದ ಬರೆಯುವ ದೇವದೂತನ ಚಿತ್ರ. ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದ ಬರೆದ, ಗ್ರಾಮಫೋನಿಗೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರ ಲೇಬಲ್ಲಿಗೆ ಬಂದದ್ದು ಆಮೇಲೆ. ತಟ್ಟೆ ಹಾಕಿಕೊಡುತ್ತಿದ್ದ ಚೀಲ ಸಾದಾ ಕಾಗದದ್ದು. ನಡುವೆ ದುಂಡು ತೂತು. ಆ ತೂತಿನಿಂದ ಲೇಬಲ್ ಕಾಣಬೇಕು, ಅಷ್ಟೇ. ಗಿರಾಕಿ ತಟ್ಟೆ ಹೊರತೆಗೆಯದೆ ಹೆಸರು ಓದಲಿ ಎಂಬ ಸರಳ ವಿನ್ಯಾಸ. ಆ ಅಂಗೈ ಅಗಲದ ಕಾಗದವೇ ಹಾಡಿದವರ ಇಡೀ ವಿಳಾಸ.

ಗೌಹರ್ ಜಾನ್ ಅವರ ಆರಂಭದ ಲೇಬಲ್ಲುಗಳಲ್ಲಿ ಹೆಸರಿನ ಜೊತೆ ಕಲ್ಕತ್ತೆಯ ಮೊದಲ ದರ್ಜೆಯ ನರ್ತಕಿ ಎಂಬ ಅರ್ಥದ ಇಂಗ್ಲಿಷ್ ವಿಶೇಷಣ ಇರುತ್ತಿತ್ತು. ಹಾಡು ಮಾರಲು ಹೊರಟವರು ಹಾಡುಗಾರ್ತಿ ಎನ್ನಲಿಲ್ಲ, ನರ್ತಕಿ ಎಂದರು. ಲೇಬಲ್ ಹೆಸರನ್ನು ಉಳಿಸುತ್ತದೆ ನಿಜ, ಆದರೆ ಬರೆಯುವವನ ಕಣ್ಣನ್ನೂ ಅದು ಅಂಟಿಸಿಬಿಡುತ್ತದೆ. ಮುಂದಿನ ದಿನಗಳಲ್ಲಿ ಜನರಿಗೆ ಯಾವ ವಿಶೇಷಣವೂ ಬೇಕಾಗಲಿಲ್ಲ. ಅವರ ಚಿತ್ರ ಪೋಸ್ಟ್‌ಕಾರ್ಡುಗಳ ಮೇಲೆ ಬಂತು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣದ ಮೇಲೂ ಬಂತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಮುದ್ರಣ ಅವರದು ಎಂಬ ಅಂದಾಜಿದೆ. ಮಾರುಕಟ್ಟೆ ಬೆಳೆದಂತೆ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ತಟ್ಟೆ ಒತ್ತುವ ಕಾರ್ಖಾನೆ ಶುರುವಾಯಿತು. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆಯ ಮುಂದೆ ಅಲಹಾಬಾದಿನ ಜಾನಕಿ ಬಾಯಿ ಅವರ ಜೊತೆ ಗೌಹರ್ ಜಾನ್ ಹಾಡಿದರು.

ಕೋರ್ಟಿನಲ್ಲಿ ಕೇಳಿದ ಪ್ರಶ್ನೆ

ಇಷ್ಟೆಲ್ಲ ಇದ್ದೂ ಬದುಕು ಅವರನ್ನು ಸುಮ್ಮನೆ ಬಿಡಲಿಲ್ಲ. 1906ರಲ್ಲಿ ತಾಯಿ ತೀರಿಕೊಂಡರು. ಆಸ್ತಿಯ ವ್ಯಾಜ್ಯ ಶುರುವಾಯಿತು. ಅವರ ಮನೆಯಲ್ಲೇ ಬೆಳೆದಿದ್ದ ಒಬ್ಬಾತ ತಾನೇ ವಾರಸುದಾರ ಎಂದು ಕೋರ್ಟಿಗೆ ಹೋದ. ಗೌಹರ್ ಜಾನ್ ತಾವು ಯಾರ ಮಗಳು ಎಂಬುದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಾಯಿತು. ನೂರಾರು ತಟ್ಟೆಗಳ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಸಾರಿದ ಹೆಣ್ಣುಮಗಳಿಗೆ, ನೀನು ಯಾರು ಎಂಬ ಪ್ರಶ್ನೆ ಎದುರಾದದ್ದು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಮೊಕದ್ದಮೆಯನ್ನೇನೋ ಗೆದ್ದರು. ಮುಂದೆ ಅವರ ಕಾರ್ಯದರ್ಶಿಯಾಗಿದ್ದು, ಬಾಳಸಂಗಾತಿಯೂ ಆಗಿದ್ದ ಅಬ್ಬಾಸ್ ಜೊತೆಗೂ ಕೋರ್ಟು ಕಚೇರಿ ನಡೆಯಿತು. ಗಳಿಸಿದ್ದು ಕರಗುತ್ತ ಹೋಯಿತು. ಆಗ ಕಲಾವಿದರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಒಂದು ಸಲದ ಸಂಭಾವನೆ. ತಟ್ಟೆ ಎಷ್ಟು ವರ್ಷ ಮಾರಾಟವಾದರೂ ಹಾಡಿದವರ ಮುಪ್ಪಿಗೆ ಅದು ಆಸರೆಯಾಗುತ್ತಿರಲಿಲ್ಲ.

ಕಲ್ಕತ್ತೆ ಬಿಟ್ಟು ಊರೂರು ತಿರುಗಿದ ಅವರಿಗೆ ಕೊನೆಗೆ ನೆರಳು ಕೊಟ್ಟವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್. 1928ರ ಆಗಸ್ಟ್‌ನಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ನೇಮಕವಾಯಿತು. ತಿಂಗಳಿಗೆ 500 ರೂಪಾಯಿ ಸಂಬಳ, ಇರಲು ದಿಲ್‌ಖುಷ್ ಕಾಟೇಜ್. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನಲ್ಲಿ ಐವತ್ತಾರನೇ ವಯಸ್ಸಿಗೆ ಕಣ್ಣುಮುಚ್ಚಿದರು.

ಅವರನ್ನು ಮತ್ತೆ ನಮ್ಮ ಮುಂದೆ ತಂದವರು ಬೆಂಗಳೂರಿನ ವಿಕ್ರಮ್ ಸಂಪತ್. ಮೈಸೂರು ಅರಮನೆಯ ಕಡತಗಳಲ್ಲಿ ಸಿಕ್ಕ ಕಾಗದಪತ್ರದಿಂದ ಹುಡುಕಾಟ ಶುರು ಮಾಡಿ 2010ರಲ್ಲಿ ಗೌಹರ್ ಜಾನ್ ಜೀವನಚರಿತ್ರೆ ಪ್ರಕಟಿಸಿದರು. ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಉಳಿಸುವ ಸಂಗ್ರಹವನ್ನೂ ಕಟ್ಟಿದರು. ಸಂಪತ್ ಓದಿದ್ದು ಎಂಜಿನಿಯರಿಂಗ್! ಡಿಗ್ರಿ ಒಂದು, ದಾರಿ ಇನ್ನೊಂದು ಎಂದು ಕೊರಗುವ ಗೆಳೆಯರು ಇದನ್ನು ಗಮನಿಸಬೇಕು. 2018ರ ಜೂನ್ 26ರಂದು ಗೂಗಲ್ ತನ್ನ ಮುಖಪುಟದಲ್ಲಿ ಗೌಹರ್ ಜಾನ್ ಚಿತ್ರ ಹಾಕಿ ಅವರ 145ನೇ ಜನ್ಮದಿನವನ್ನು ನೆನೆಯಿತು.

ಮತ್ತು ಸಂಗಡಿಗರು

ಗೌಹರ್ ಜಾನ್ ತಮ್ಮ ಹೆಸರು ಹೇಳಿದರು, ಸರಿ. ಅದೇ ತಟ್ಟೆಯಲ್ಲಿ ಸಾರಂಗಿ ನುಡಿಸಿದವರು ಯಾರು? ತಬಲಾ ಬಾರಿಸಿದವರು ಯಾರು? ಆ ಕಾಲದ ಲೇಬಲ್ಲುಗಳಲ್ಲಿ ಸಾಮಾನ್ಯವಾಗಿ ಅವರ ಹೆಸರಿಲ್ಲ. 1949ರಲ್ಲಿ ಬಂದ ಮಹಲ್ ಚಿತ್ರದ ಅತ್ಯಂತ ಜನಪ್ರಿಯ ಹಾಡಿನ ತಟ್ಟೆಯ ಮೇಲೆ ಹಾಡಿದ ಲತಾ ಮಂಗೇಶ್ಕರ್ ಹೆಸರೂ ಇರಲಿಲ್ಲ. ಅಲ್ಲಿ ಇದ್ದದ್ದು ಚಿತ್ರದ ಪಾತ್ರ ಕಾಮಿನಿಯ ಹೆಸರು.

ಇದು ನನಗೆ ತಟ್ಟಲು ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮಜ್ಜ ಡೊಳ್ಳಿನ ಪದದ ಮೇಳದಲ್ಲಿ ಹಿಮ್ಮೇಳ ಹಾಡುತ್ತಿದ್ದ. ನಾನು ಹುಟ್ಟುವ ಮೊದಲು ಆ ಮೇಳದ ಪದಗಳ ಒಂದು ಕ್ಯಾಸೆಟ್ ಬಂದಿತ್ತು. ಮೇಲುಹಾಳೆಯಲ್ಲಿ ಬೀರಲಿಂಗೇಶ್ವರನ ಚಿತ್ರ, ಪಕ್ಕದಲ್ಲಿ ಪಟಗಾ ಸುತ್ತಿದ ಮುಖ್ಯ ಹಾಡುಗಾರನ ಫೋಟೊ, ಕೆಳಗೆ ಆತನ ಹೆಸರು. ಅದರ ಮುಂದೆ ಸಣ್ಣ ಅಕ್ಷರದಲ್ಲಿ ಮತ್ತು ಸಂಗಡಿಗರು ಎಂದಿದೆ. ನಮ್ಮಜ್ಜ ಆ ಸಂಗಡಿಗರಲ್ಲಿ ಒಬ್ಬ. ಆದರೂ ಕ್ಯಾಸೆಟ್ಟನ್ನು ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ. ಎಲ್ಲಿ ತನ್ನ ದನಿ ಒಂಟಿಯಾಗಿ ಕೇಳುತ್ತದೆ ಎಂದು ಅವನಿಗೆ ಬಾಯಿಪಾಠ.

ಕಳೆದ ರಜೆಯಲ್ಲಿ ಹಳೆಯ ಟೇಪ್ ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪಿಗೆ ತಂತಿ ಕೊಟ್ಟು ಆ ಕ್ಯಾಸೆಟ್ಟನ್ನು ಎಂಪಿ3 ಮಾಡಿದೆ. ಎಂಪಿ3 ಕಡತದೊಳಗೇ ಹೆಸರು ಬರೆದಿಡಲು ಐಡಿ3 ಟ್ಯಾಗ್ ಎಂಬ ವ್ಯವಸ್ಥೆ 1996ರಿಂದ ಇದೆ. ಆ ಖಾಲಿ ಜಾಗಗಳನ್ನು ತುಂಬಲು ಅಜ್ಜನನ್ನು ಕೂರಿಸಿಕೊಂಡು ಕೇಳಿದೆ. ಮೇಳದಲ್ಲಿದ್ದವರು ಏಳು ಮಂದಿ. ಆರು ಹೆಸರು ಥಟ್ಟನೆ ಬಂದವು. ತಾಳದವನ ಹೆಸರು ಮಾತ್ರ ನೆನಪಾಗಲಿಲ್ಲ. ಅಡ್ಡಹೆಸರಿಂದ ಕರೆದೇ ರೂಢಿಯಂತೆ. ಅವನು ತೀರಿಹೋಗಿ ಹತ್ತು ವರ್ಷವಾಗಿದೆ. ಅಜ್ಜ ಎರಡು ದಿನ ಚಡಪಡಿಸಿ, ಮೂರನೇ ದಿನ ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ಅವನ ಮಗನಿಂದ ಹೆಸರು ಕೇಳಿಕೊಂಡು ಬಂದ. ಏಳೂ ಹೆಸರು ಈಗ ಆ ಕಡತದಲ್ಲಿವೆ. ತಾಳದವನ ಮಗನ ಫೋನಿಗೂ ಕಳುಹಿಸಿದ್ದೇನೆ.

ಇಪ್ಪತ್ತಮೂರರ ಹುಡುಗ

ತಟ್ಟೆಯ ಹೊದಿಕೆಯ ಕತೆಗೆ ಇನ್ನೊಬ್ಬ ಹುಡುಗನನ್ನು ಸೇರಿಸಲೇಬೇಕು. ನ್ಯೂಯಾರ್ಕಿನ ಅಲೆಕ್ಸ್ ಸ್ಟೈನ್‌ವೈಸ್ 1917ರಲ್ಲಿ ಹುಟ್ಟಿದವರು. ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿ ಕೆಲಸಕ್ಕೆ ಸೇರಿದಾಗ ಹಲವು ತಟ್ಟೆಗಳನ್ನು ಫೋಟೊ ಆಲ್ಬಮ್ಮಿನಂತೆ ಹೊಲಿದು, ಬೂದು ಇಲ್ಲವೇ ಕಂದು ಬಣ್ಣದ ರಟ್ಟು ಹಾಕಿ ಮಾರುತ್ತಿದ್ದರು. ಸಂಗೀತಕ್ಕೆ ಆಲ್ಬಂ ಎಂಬ ಹೆಸರು ಬಂದದ್ದು ಹಾಗೆ. ರಟ್ಟು ಇಷ್ಟು ಸಪ್ಪೆಯಾಗಿದ್ದರೆ ಯಾರು ಕೊಳ್ಳುತ್ತಾರೆ, ಚಿತ್ರ ಬರೆಯಲು ಬಿಡಿ ಎಂದು ಆತ ಕಂಪನಿಯವರನ್ನು ಒಪ್ಪಿಸಿದರು. 1940ರಲ್ಲಿ ಮೊದಲ ಚಿತ್ರದ ಹೊದಿಕೆ ಬಂತು. ಆಗ ಆತನ ವಯಸ್ಸು ಇಪ್ಪತ್ತಮೂರು. 1948ರಲ್ಲಿ ಎಲ್‌ಪಿ ತಟ್ಟೆ ಬಂದಾಗ ಅದಕ್ಕೆ ತಕ್ಕ ರಟ್ಟಿನ ಹೊದಿಕೆಯನ್ನೂ ರೂಪಿಸಿದರು. ನಮ್ಮ ಮೊಬೈಲಿನ ಆ ಚೌಕದ ಚಿತ್ರ ಅದರದೇ ಮರಿಮಗು. ಯಾರೂ ಕೇಳದೆಯೇ ಒಂದು ಸುಧಾರಣೆ ಸೂಚಿಸುವುದಕ್ಕೆ ಅನುಭವದ ವರ್ಷಗಳು ಬೇಕಿಲ್ಲ ಎಂಬುದಕ್ಕೆ ಈತ ಸಾಕ್ಷಿ.

ಗೆಳೆಯರೇ, ನಾವೆಲ್ಲ ಇನ್ನು ಕೆಲವೇ ತಿಂಗಳಲ್ಲಿ ರೆಸ್ಯೂಮೆ ಹಿಡಿದು ಸಾಲಿನಲ್ಲಿ ನಿಲ್ಲುವವರು. ಸಂದರ್ಶನದಲ್ಲಿ ತಪ್ಪದೆ ಬರುವ ಪ್ರಶ್ನೆ, ನಾಲ್ವರ ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು ಎಂಬುದು. ನಮ್ಮ ಹಳ್ಳಿ ಕಡೆಯ ಹುಡುಗ ಹುಡುಗಿಯರು ಆಗ ತಲೆ ತಗ್ಗಿಸಿ, ಎಲ್ಲರೂ ಸೇರಿ ಮಾಡಿದೆವು ಎಂದುಬಿಡುತ್ತೇವೆ. ಸಂಕೋಚವೇ ವಿನಯ ಎಂದು ನಮಗೆ ಕಲಿಸಿದ್ದಾರೆ. ಮಾಡಿದ ಕೆಲಸದ ಕೊನೆಗೆ ಹೆಸರು ಹೇಳುವುದು ಜಂಬವಲ್ಲ, ಅದು ಕೆಲಸದ್ದೇ ಒಂದು ಭಾಗ. ಸರ್ಕ್ಯೂಟ್ ಬೆಸುಗೆ ಹಾಕಿದ್ದು ನಾನು, ಕೋಡ್ ಬರೆದದ್ದು ಇವಳು, ವರದಿ ಬರೆದದ್ದು ಅವನು ಎಂದು ಬಿಡಿಸಿ ಹೇಳೋಣ. ಹಾಗೆ ಹೇಳುವಾಗ ನಮ್ಮ ಹೆಸರೂ ಉಳಿಯುತ್ತದೆ, ಜೊತೆಗಿದ್ದವರ ಹೆಸರೂ ಉಳಿಯುತ್ತದೆ.

ಹೆಸರು ಹೇಳಿದ ಮಾತ್ರಕ್ಕೆ ಬದುಕು ಸುಖವಾಗುತ್ತದೆ ಎಂದು ಗೌಹರ್ ಜಾನ್ ಕತೆ ಹೇಳುವುದಿಲ್ಲ. ಅವರ ಮನೆ ಹೋಯಿತು, ಹಣ ಹೋಯಿತು, ಹತ್ತಿರದವರೂ ದೂರವಾದರು. ಆದರೆ ಗರಗರ ಸದ್ದಿನ ಆ ಅರಗಿನ ತಟ್ಟೆ ಈಗ ತಿರುಗಿದರೂ, ಹಾಡು ಯಾರದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಕ್ಯಾಸೆಟ್ ಇರಬಹುದು, ಅದರ ಮೇಲೂ ಮತ್ತು ಸಂಗಡಿಗರು ಎಂದಿರಬಹುದು. ಹೇಳುವವರು ಇರುವಾಗಲೇ ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.